ದನಿ ಮುಟ್ಟುವಷ್ಟೇ ಗುಂಪು: ಕ್ಯಾಂಪಸ್ಸಿನ ಬಯಲಲ್ಲಿ ಸುವಾರ್ತೆ ಸಾರುವವರಿಗೆ

ಕಾಲೇಜಿನ ಮರದಡಿ ನಿಂತು ಯೇಸುವಿನ ಸುವಾರ್ತೆ ಸಾರಬೇಕು ಎಂದು ಹೊರಡುವ ವಿದ್ಯಾರ್ಥಿ ಕೂಟಗಳು ಮೊದಲು ವಿಚಾರಿಸುವುದು ಸ್ಪೀಕರ್ ಬಾಡಿಗೆಯನ್ನು. ಸ್ಪೀಕರ್ ಬೇಡ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೆಂದು 2000ದ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ. ಶಿಕ್ಷಣ ಸಂಸ್ಥೆಗಳ ಸುತ್ತಲಿನ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸುವುದಕ್ಕೂ ಅವುಗಳಲ್ಲಿ ಅವಕಾಶವಿದೆ; ಅಂಥ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಆದರೆ ಕಾನೂನಿಗಿಂತ ದೊಡ್ಡ ಕಾರಣ ಬೇರೆ ಇದೆ. ಮೈಕಿನ ಮುಂದೆ ಸೇರಿದವರು ಕೇಳಿಸಿಕೊಂಡು ಹೋಗುತ್ತಾರೆ. ಬರಿಗಂಟಲಿನ ಮುಂದೆ ನಿಂತವರು ತಿರುಗಿ ಪ್ರಶ್ನೆ ಕೇಳುತ್ತಾರೆ. ವಿದ್ಯಾರ್ಥಿಗಳ ನಡುವೆ ಸುವಾರ್ತೆಗೆ ಬೇಕಾದದ್ದು ಆ ಎರಡನೆಯ ಗುಂಪು.

ಬರಿಗಂಟಲು ಎಷ್ಟು ದೂರ ಹೋಗುತ್ತದೆ? 1739ರಲ್ಲಿ ಇಂಗ್ಲೆಂಡಿನ ಬೋಧಕ ಜಾರ್ಜ್ ವೈಟ್‌ಫೀಲ್ಡ್ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬಯಲು ಪ್ರಸಂಗ ಮಾಡುತ್ತಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಹಿಂದಕ್ಕೆ ಹಿಂದಕ್ಕೆ ನಡೆದು, ಮಾತು ಕೇಳಿಸದಾದ ಜಾಗ ನೋಡಿಕೊಂಡರು. ಅಷ್ಟು ದೂರವನ್ನು ತ್ರಿಜ್ಯವಾಗಿ ಇಟ್ಟು, ಒಬ್ಬರಿಗೆ ಎರಡು ಚದರ ಅಡಿಯಂತೆ ಅರ್ಧವೃತ್ತದ ಲೆಕ್ಕ ಹಾಕಿ, 30,000ಕ್ಕೂ ಹೆಚ್ಚು ಜನ ಕೇಳಬಹುದು ಎಂದರು. (ನಮ್ಮ ಬೆಂಗಳೂರಿನ ವೈಟ್‌ಫೀಲ್ಡಿಗೂ ಈ ಬೋಧಕರಿಗೂ ಸಂಬಂಧವಿಲ್ಲ, ಆ ಹೆಸರು ಆಂಗ್ಲೋ ಇಂಡಿಯನ್ನರ ಮುಂದಾಳು ಡಿ. ಎಸ್. ವೈಟ್ ಅವರಿಂದ ಬಂದದ್ದು.) ಅಂಥ ಗಂಟಲು ಎಲ್ಲರಿಗೂ ಇರುವುದಿಲ್ಲ, ಆದರೆ ಫ್ರಾಂಕ್ಲಿನ್ ಮಾಡಿದ ಪರೀಕ್ಷೆಯನ್ನು ಎಲ್ಲರೂ ಮಾಡಬಹುದು. ಹಿಂದಿನ ದಿನವೇ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಒಬ್ಬರು ನಿಂತು ಮಾತಾಡಲಿ, ಇನ್ನೊಬ್ಬರು ಹಿಂದೆ ಸರಿಯುತ್ತಾ ಹೋಗಲಿ.

ಅಂದಾಜು ಲೆಕ್ಕ ಹೀಗೆ. ಸ್ವಲ್ಪ ಏರಿಸಿದ ದನಿ ಒಂದು ಮೀಟರ್ ದೂರದಲ್ಲಿ 70 ಡೆಸಿಬೆಲ್‌ನ ಆಸುಪಾಸು. ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ: ಎರಡು ಮೀಟರಿಗೆ 64, ನಾಲ್ಕಕ್ಕೆ 58, ಎಂಟಕ್ಕೆ 52. ಸುತ್ತಲ ಗದ್ದಲ 50ರಷ್ಟಿದ್ದರೆ ಎಂಟು ಮೀಟರೇ, ಅಂದರೆ 25 ಅಡಿ ಚಿಲ್ಲರೆಯೇ, ಗಡಿ. ಆ ಅರ್ಧವೃತ್ತ ಸುಮಾರು 100 ಚದರ ಮೀಟರ್; ಸಡಿಲವಾಗಿ ನಿಂತರೆ 50 ಜನ. ಅಷ್ಟೇ ಸಾಕು. ಐವತ್ತು ಮುಖಗಳನ್ನು ಒಬ್ಬ ಮನುಷ್ಯ ನೋಡಿ ಮಾತಾಡಬಲ್ಲ.

ಬೆನ್ನ ಹಿಂದೆ ಒಂದೆರಡು ಮೀಟರಿನಲ್ಲಿ ಕಲ್ಲಿನ ಗೋಡೆ ಇದ್ದರೆ ದನಿ ಮುಂದಕ್ಕೆ ಒದಗುತ್ತದೆ. ಗಾಳಿ ಬೆನ್ನಿಗಿರಬೇಕು, ಎದುರುಗಾಳಿಯಲ್ಲಿ ದನಿ ಮೇಲಕ್ಕೆ ಬಾಗಿ ಹಿಂದಿನವರ ತಲೆಯ ಮೇಲೆ ಹೋಗಿಬಿಡುತ್ತದೆ. ಬಿಸಿಲು ಬೋಧಕರ ಮುಖಕ್ಕೆ ಬೀಳಬೇಕು, ಕೇಳುವವರ ಕಣ್ಣಿಗಲ್ಲ. ಕಣ್ಣಿಗೆ ಬಿಸಿಲು ಬಿದ್ದ ವಿದ್ಯಾರ್ಥಿ ಎರಡು ನಿಮಿಷ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಇವೆರಡೂ ಕೂಡಿಬರುವ ಹೊತ್ತು ಬೇರೆ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಡುವಣದ್ದು, ಹಾಗಾಗಿ ಬೆಳಿಗ್ಗೆ ಮೂಡಣಕ್ಕೆ ಮುಖಮಾಡಿ ನಿಂತರೆ ಎರಡೂ ಸರಿ. ಡಿಸೆಂಬರಿನಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ಆಗ ಕ್ಲಾಸು ಬಿಟ್ಟ ಮೇಲೆ, ಸಂಜೆ ನಾಲ್ಕರ ಸುಮಾರಿಗೆ, ಪಡುವಣಕ್ಕೆ ಮುಖಮಾಡಬೇಕು. ದಟ್ಟ ಹೊಂಗೆಯ ಅಥವಾ ಮಳೆಮರದ ನೆರಳು ಸಿಕ್ಕಿದರೆ ಬಿಸಿಲಿನ ಚಿಂತೆ ಇಲ್ಲ, ಗಾಳಿಯೊಂದೇ ನೋಡಿದರಾಯಿತು. ಕ್ಯಾಂಟೀನಿನ ಜನರೇಟರ್ ಎಲ್ಲಿದೆ ಎಂದು ಮರೆಯದೆ ನೋಡಿ. ಕರೆಂಟು ಹೋದ ಗಳಿಗೆಯಿಂದ ಆ ಮಗ್ಗುಲಲ್ಲಿ ನಿಮ್ಮ ಮಾತು ಯಾರಿಗೂ ಕೇಳುವುದಿಲ್ಲ. ಬಸ್ ನಿಲ್ದಾಣದ ಬಳಿಯೂ ಬೇಡ, ಬಸ್ಸು ಬಂದರೆ ಗುಂಪೇ ಹತ್ತಿ ಹೋಗುತ್ತದೆ. ಗ್ರಂಥಾಲಯ, ಪರೀಕ್ಷಾ ಕೊಠಡಿಗಳ ಹತ್ತಿರ ಸುಳಿಯಲೇಬಾರದು.

ಇನ್ನು ಕನ್ನಡದಲ್ಲಿ ಸಾರುವವರು ವಿಶೇಷವಾಗಿ ಗಮನಿಸಬೇಕಾದ ಒಂದು ಮಾತು. ನಮ್ಮ ವಾಕ್ಯದ ಜೀವ ಬಾಲದಲ್ಲಿದೆ. ಕ್ರಿಯಾಪದ ಕೊನೆಗೆ, ‘ಇಲ್ಲ’ ಎಂಬುದು ಅದಕ್ಕೂ ಕೊನೆಗೆ. ಉಸಿರು ಮುಗಿಯುವುದೂ ಅಲ್ಲಿಯೇ. ತನ್ನ ಪಾಲು ಹಾಳುಮಾಡಿ ಮನೆಗೆ ಮರಳಿದ ಮಗನ ಬಗ್ಗೆ ಯೇಸು ಹೇಳಿದ ಕಥೆಯನ್ನು ಸಾರುತ್ತಾ ‘ತಂದೆ ಮಗನನ್ನು ಬೈಯಲಿಲ್ಲ, ಹೊರಗೆ ನಿಲ್ಲಿಸಲಿಲ್ಲ’ ಎಂದು ನೀವು ಹೇಳಿದಿರಿ. ಇಪ್ಪತ್ತು ಅಡಿ ಹಿಂದೆ ನಿಂತವನಿಗೆ ಕೇಳಿಸಿದ್ದು ‘ತಂದೆ ಮಗನನ್ನು ಬೈಯ… ಹೊರಗೆ ನಿಲ್ಲಿಸ…’. ಸುವಾರ್ತೆ ಪೂರ್ತಿ ತಿರುವುಮುರುವು! ಇದಕ್ಕೆ ಜೋರಾಗಿ ಕೂಗುವುದು ಮದ್ದಲ್ಲ. ವಾಕ್ಯವನ್ನೇ ಮುರಿಯಬೇಕು: ‘ತಂದೆ ಬೈದನಾ? ಇಲ್ಲ. ಹೊರಗೆ ನಿಲ್ಲಿಸಿದನಾ? ಇಲ್ಲ.’ ‘ಇಲ್ಲ’ಕ್ಕೆ ಅದರದೇ ಒಂದು ಉಸಿರು ಸಿಗುತ್ತದೆ. ಒಂದು ವಾಕ್ಯಕ್ಕೆ ಏಳೆಂಟು ಪದ ಸಾಕು. ಹಿಂದೆ ಸರಿಯುವ ಗೆಳೆಯ ಕಿವಿಗೊಡಬೇಕಾದದ್ದೂ ಈ ಬಾಲಗಳಿಗೇ. ಅವು ಕೇಳದಾದ ಜಾಗವೇ ನಿಮ್ಮ ನಿಜವಾದ ಗಡಿ.

ಗಂಟಲು ಕೆಡುವುದು ಕೂಗಿನಿಂದ. ಕೂಗಲು ಹೊರಟಾಗ ಶ್ರುತಿ ಏರುತ್ತದೆ, ಕತ್ತಿನ ನರ ಬಿಗಿಯುತ್ತದೆ, ಐದೇ ನಿಮಿಷದಲ್ಲಿ ದನಿ ಒಡೆಯುತ್ತದೆ. ಹೊಟ್ಟೆಯಿಂದ ಉಸಿರು ತೆಗೆದು, ಮಾತಿನ ಶ್ರುತಿಯಲ್ಲೇ ನಿಂತು, ನಿಧಾನವಾಗಿ ಹೇಳಿ. ಮುಂಚೆ ಐದು ನಿಮಿಷ ಬಾಯಿ ಮುಚ್ಚಿ ಗುನುಗಿ. ಉಗುರುಬೆಚ್ಚಗಿನ ನೀರು ಅರ್ಧ ಲೀಟರ್ ಜೊತೆಗಿರಲಿ. ನಿಲ್ಲಲು ಒಂದು ಮೆಟ್ಟಿಲೋ ಒಂದಡಿ ಎತ್ತರದ ಸ್ಟೂಲೋ ಸಾಕು, ಅದಕ್ಕಿಂತ ಮೇಲೇರಿದರೆ ಭಾಷಣವಾಗುತ್ತದೆ.

ಮಾತು ಹನ್ನೆರಡು ನಿಮಿಷ, ಪ್ರಶ್ನೆಗೆ ಇಪ್ಪತ್ತು. ತಿರುಗಾಮುರುಗಾ ಮಾಡಬೇಡಿ. ಬೈಬಲಿನಿಂದ ಆರಿಸುವ ಭಾಗ ಒಂದೇ ಇರಲಿ. ಲೂಕನ ಸುವಾರ್ತೆ 15ರ ಇಬ್ಬರು ಮಕ್ಕಳ ಕಥೆ ಬಯಲಿಗೆ ಹೇಳಿ ಮಾಡಿಸಿದಂತಿದೆ. ಇಪ್ಪತ್ತೆರಡೇ ವಚನ. ಅಪ್ಪ ಬದುಕಿರುವಾಗಲೇ ಪಾಲು ಕೇಳುವುದು ಅಂದರೇನು ಎಂದು ನಮ್ಮಲ್ಲಿ ಯಾವ ವಿದ್ಯಾರ್ಥಿಗೂ ವಿವರಿಸಬೇಕಾಗಿಲ್ಲ. ತಮ್ಮನಿಗೆ ಸಿಕ್ಕ ಸ್ವಾಗತಕ್ಕೆ ಮುನಿದು ಹೊರಗೆ ನಿಂತ ದೊಡ್ಡ ಮಗ ಕೊನೆಗೆ ಮನೆಯೊಳಗೆ ಬಂದನೋ ಇಲ್ಲವೋ ಎಂದು ಯೇಸು ಹೇಳದೆ ಬಿಟ್ಟಿದ್ದಾನೆ. ನೀವೂ ಅಲ್ಲಿಗೇ ನಿಲ್ಲಿಸಿ, ಪ್ರಶ್ನೆಗಳು ತಾವಾಗಿ ಬರುತ್ತವೆ. ಚರ್ಚಿನ ಮಾತುಗಳನ್ನು ಚರ್ಚಿನಲ್ಲೇ ಬಿಟ್ಟು ಬನ್ನಿ. ‘ರಕ್ಷಣೆ’ ಎಂದರೆ ಹೊರಗಿನವರಿಗೆ ರಕ್ಷಣಾ ಇಲಾಖೆ ನೆನಪಾಗುತ್ತದೆ, ‘ಮಾನಸಾಂತರ’ ಮತಾಂತರದಂತೆ ಕೇಳಿಸುತ್ತದೆ. ‘ಮನಸ್ಸು ತಿರುಗಿ ಮನೆಗೆ ಬರುವುದು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ದುಭಾಷಿ ಇಟ್ಟುಕೊಂಡರೆ ಹನ್ನೆರಡು ನಿಮಿಷ ಇಪ್ಪತ್ತನಾಲ್ಕಾಗಿ, ಅರ್ಧ ಗುಂಪು ಕರಗುತ್ತದೆ. ಮಾತು ಒಂದೇ ಭಾಷೆಯಲ್ಲಿ ಸಾಗಲಿ, ಪ್ರಶ್ನೆ ಯಾವ ಭಾಷೆಯಲ್ಲಾದರೂ ಬರಲಿ.

ಪ್ರಶ್ನೆ ಬಂದೊಡನೆ ಅದನ್ನು ಎಲ್ಲರಿಗೂ ಕೇಳುವಂತೆ ಪುನಃ ಹೇಳಿ, ಒಂದು ನಿಮಿಷದೊಳಗೆ ಉತ್ತರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಯಾರಾದರೂ ರೇಗಿದರೆ ದನಿ ಇಳಿಸಿ. ಜಗಳಕ್ಕೆ ಎರಡು ದನಿ ಬೇಕು. ಯಾರೋ ಫೋನ್ ಹಿಡಿದು ಚಿತ್ರೀಕರಿಸುತ್ತಲೇ ಇರುತ್ತಾರೆ, ಮೂವತ್ತು ಸೆಕೆಂಡಿನ ತುಣುಕು ಮಾತ್ರ ಹೊರಗೆ ಹೋಗುತ್ತದೆ. ಹಾಗಾಗಿ ಯಾವ ಅರ್ಧ ನಿಮಿಷವನ್ನು ಕತ್ತರಿಸಿದರೂ ನೀವು ನಾಚುವಂತಿರಬಾರದು. ಇನ್ನೊಬ್ಬರ ದೇವರ, ಆಚರಣೆಯ ಸುದ್ದಿ ಬೇಡವೇ ಬೇಡ. ಯೇಸುವಿನ ಅಪೊಸ್ತಲ ಪೌಲನು ಗ್ರೀಕರ ಅಥೇನೆಯಲ್ಲಿ (ಅಥೆನ್ಸ್) ಅವರ ಕವಿಗಳ ಮಾತನ್ನೇ ಎತ್ತಿಕೊಂಡು ಮಾತಾಡಿದ. ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು, ಕೆಲವರು ನಂಬಿದರು. ಮೂರೂ ನಿಮಗೂ ಆಗುತ್ತದೆ.

ಕಾನೂನನ್ನು ಕೂಟದ ಪ್ರತಿಯೊಬ್ಬರೂ ತಿಳಿದಿರಬೇಕು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆಗೆ ಒಳಪಟ್ಟು. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ 28ನೇ ವಿಧಿ. ಆದ್ದರಿಂದ ನಮ್ಮ ಸಲಹೆ: ಅನುಮತಿ ಕೊಡುವ ಕ್ರೈಸ್ತ ಕಾಲೇಜುಗಳ ಆವರಣವನ್ನೇ ಆರಿಸಿ, ಅಲ್ಲಿಯೂ ನಿಲ್ಲುವುದು ಬಿಡುವುದು ಕೇಳುವವರ ಇಷ್ಟ. ಬಲವಂತದ, ಆಮಿಷದ ಮತಾಂತರ ತಡೆಯುವ ಕರ್ನಾಟಕದ 2022ರ ಕಾಯಿದೆಯಲ್ಲಿ ‘ಆಮಿಷ’ದ ಅರ್ಥ ಬಹಳ ಅಗಲ: ಉಡುಗೊರೆ, ನೌಕರಿ, ಉಚಿತ ಶಿಕ್ಷಣದ ಜೊತೆಗೆ ಇನ್ನೊಂದು ಧರ್ಮವನ್ನು ಹೀನವಾಗಿ ತೋರಿಸುವುದೂ ಅದರೊಳಗೆ ಬರುತ್ತದೆ. ಊಟ, ತಿಂಡಿ, ಟೀ ಶರ್ಟ್ ಹಂಚಬೇಡಿ. ವಾಸಿಯಾಗುತ್ತದೆ, ಕೆಲಸ ಸಿಗುತ್ತದೆ ಎಂಬ ಭರವಸೆ ಬೇಡ. ಒಂದೇ ಆವರಣದಲ್ಲಿ ಪಿಯು ಕಾಲೇಜೂ ಇದ್ದರೆ ಆ ಮಕ್ಕಳ ಬಿಡುವಿನ ಹೊತ್ತು ತಪ್ಪಿಸಿ. ಹದಿನೆಂಟು ತುಂಬದವರ ವಿಷಯದಲ್ಲಿ ಶಿಕ್ಷೆ ಇನ್ನೂ ಕಠಿಣ.

ಅನುಮತಿ ಕೇಳುವ ಪತ್ರ ಕಾಲೇಜಿಗೆ ಹದಿನೈದು ದಿನ ಮುಂಚೆ ಹೋಗಲಿ. ದಿನ, ಜಾಗ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಮಾತಾಡುವವರ ಹೆಸರು, ಧ್ವನಿವರ್ಧಕ ಇಲ್ಲ ಎಂಬ ಒಂದು ಸಾಲು. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಆದರೆ ಮೊಹರು ಅಂದರೆ ಪತ್ರ ತಲುಪಿದೆ ಎಂದಷ್ಟೇ. ಒಪ್ಪಿಗೆಯ ಪತ್ರ ಬೇರೆಯೇ ಬರಬೇಕು, ಇದನ್ನು ಗೊಂದಲ ಮಾಡಿಕೊಂಡು ಅರ್ಧಕ್ಕೆ ನಿಲ್ಲಿಸಬೇಕಾದ ಕೂಟಗಳು ಹಲವು. ಒಪ್ಪಿಗೆ ಪತ್ರ ಬೋಧಕರ ಜೇಬಿನಲ್ಲಿರಬಾರದು, ಗುಂಪಿನ ಅಂಚಿನಲ್ಲಿ ನಿಂತವರ ಕೈಯಲ್ಲಿರಲಿ. ಸೆಕ್ಯುರಿಟಿಯವರು ಬಂದರೆ ಅವರೇ ಮಾತಾಡುತ್ತಾರೆ, ಪ್ರಸಂಗ ನಿಲ್ಲುವುದಿಲ್ಲ.

ಖಾಲಿ ಬಯಲಿಗೆ ಯಾರೂ ಬಂದು ನಿಲ್ಲುವುದಿಲ್ಲ. ಮೊದಲು ನಿಮ್ಮವರೇ ಐದು ಜನ ನಾಲ್ಕು ಮೀಟರ್ ದೂರದಲ್ಲಿ ಬೋಧಕರ ಕಡೆ ಮುಖಮಾಡಿ ನಿಲ್ಲಬೇಕು. ಮಾತುಮಾತಿಗೆ ‘ಆಮೆನ್’ ಎನ್ನಬಾರದು, ಹೊರಗಿನವರಿಗೆ ತಾವು ಪರಕೀಯರು ಅನ್ನಿಸುತ್ತದೆ. ಮುಗಿದ ಮೇಲೆ ಕೈ ಎತ್ತಿಸುವುದು, ಫೋನ್ ನಂಬರ್ ಬರೆಸಿಕೊಳ್ಳುವುದು ಬೇಡ. ಕರಪತ್ರ ಕೇಳಿದವರಿಗಷ್ಟೇ. ಇನ್ನೂ ಮಾತಾಡಬೇಕೆನ್ನುವವರು ಉಳಿಯುತ್ತಾರೆ, ಅವರ ಜೊತೆ ಕಲ್ಲುಬೆಂಚಿನ ಮೇಲೆ ಕೂತುಕೊಳ್ಳಿ. ಉಳಿದವರು ಆ ಹೊತ್ತಿಗೆ ನೆಲಕ್ಕೆ ಬಿದ್ದ ಕರಪತ್ರಗಳನ್ನೆಲ್ಲ ಆಯ್ದುಕೊಂಡು, ಗೇಟಿನವರಿಗೆ ‘ಮುಗೀತು ಅಣ್ಣ, ಹೊರಟ್ವಿ’ ಎಂದು ಹೇಳಿ ಬರಲಿ.