ಆಟಕ್ಕೆ ಬಿಟ್ಟರೆ ಓದು ಏನಾಗಬೇಕು?

ಸಂಜೆ ಹೊತ್ತು ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ ಎಂದು ಗೊತ್ತಾದವರೆಲ್ಲ ಕೇಳುವುದು ಒಂದೇ: ‘ಮನೆಯಲ್ಲಿ ಓದಿಸುವವರಿಲ್ಲ, ತರಗತಿಯಲ್ಲಿ ಮೊದಲೇ ಹಿಂದೆ. ಇಂಥ ಮಕ್ಕಳನ್ನು ಪುಸ್ತಕದ ಮುಂದೆ ಕೂರಿಸೋದು ಬಿಟ್ಟು ಆಟಕ್ಕೆ ಯಾಕೆ ಎಳೀತೀರಿ?’

ಚೆಂಡು ಯಾರಿಗೂ ಗಣಿತ ಕಲಿಸುವುದಿಲ್ಲ, ನಿಜ. ಆದರೆ ಯಾರೂ ಬಲವಂತ ಮಾಡದಿದ್ದರೂ ಮಗು ದಿನಾ ಓಡಿ ಬರುವ ಜಾಗ ಮೈದಾನ. ಎರಡು ದಿನ ಬರದಿದ್ದರೆ ‘ಎಲ್ಲಿ ಹೋಗಿದ್ದೆ?’ ಎಂದು ಕೇಳುವವರು ಅಲ್ಲಿರಬೇಕು. ಕೂಲಿಗೆ ಹೋಗಿದ್ದು, ಮನೆಯಲ್ಲಿ ಜಗಳವಾಗಿದ್ದು, ಫೀಸು ಕಟ್ಟಲಾಗದೆ ಶಾಲೆ ತಪ್ಪಿಸಿದ್ದು ಎಷ್ಟೋ ಸಲ ಮೊದಲು ಗೊತ್ತಾಗುವುದು ಕೋಚ್‌ಗೇ.

ಇನ್ನೊಂದು ವಿಷಯ ನನಗೆ ಬಹಳ ಮುಖ್ಯ. ಪರೀಕ್ಷೆಯಲ್ಲಿ ತಪ್ಪಿದರೆ ಕೆಂಪು ಗೆರೆ ಬಿದ್ದು ಅಲ್ಲಿಗೆ ಮುಗಿಯಿತು. ಮೈದಾನದಲ್ಲಿ ಪಾಸ್ ತಪ್ಪಿದರೆ ಮರುಕ್ಷಣವೇ ಇನ್ನೊಂದು ಚೆಂಡು ಬರುತ್ತದೆ. ಎಡಗಾಲಲ್ಲಿ ಒದೆಯಲು ಬಾರದ ಹುಡುಗಿ ತಿಂಗಳೊಪ್ಪತ್ತಿನಲ್ಲಿ ಕಲಿಯುತ್ತಾಳೆ, ಕಲಿತದ್ದು ಅವಳ ಕಣ್ಣಿಗೇ ಕಾಣುತ್ತದೆ. ‘ನನ್ನ ತಲೆಗೆ ಹತ್ತೋದಿಲ್ಲ’ ಎಂದು ನಂಬಿಕೊಂಡೇ ಬೆಳೆದ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. (ಹುಡುಗಿಯರು ಬರಬೇಕೆಂದರೆ ಶೌಚಾಲಯ ಇರಬೇಕು, ಕತ್ತಲಾಗುವ ಮುಂಚೆ ಜೊತೆಯಾಗಿ ಮನೆ ಸೇರುವಂತಿರಬೇಕು. ಇಷ್ಟಿಲ್ಲದೆ ‘ಎಲ್ಲರಿಗೂ ಅವಕಾಶ’ ಎನ್ನಬಾರದು.)

ಕೆನ್ಯಾದ ನೈರೋಬಿಯ ಮಥಾರೆ ಕೊಳೆಗೇರಿಯಲ್ಲಿ 1987ರಲ್ಲಿ ಶುರುವಾದ ಯುವ ಕ್ರೀಡಾ ಸಂಘ ನನಗೆ ದೊಡ್ಡ ಪಾಠ. ಅಲ್ಲಿ ತಂಡವೊಂದು ತನ್ನ ಬಡಾವಣೆಯ ಕಸ ತೆಗೆದು ಚರಂಡಿ ಬಿಡಿಸಿದರೆ ಅದಕ್ಕೂ ಲೀಗ್ ಪಟ್ಟಿಯಲ್ಲಿ ಅಂಕ. ಸಂಘದ ಕೆಲಸದಲ್ಲಿ ಮುಂದೆ ನಿಂತ ಮಕ್ಕಳಿಗೆ ಶಾಲಾ ಶುಲ್ಕದ ನೆರವು. ತನ್ನಿಂದ ಊರಿಗೆ ಉಪಯೋಗವಿದೆ ಎಂದು ಮಗುವಿಗೆ ಅನ್ನಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ. ಬಾಸ್ಟನ್‌ನಲ್ಲಿ 1996ರಲ್ಲಿ ಹುಟ್ಟಿದ, ಮಕ್ಕಳಿಗೆ ಸ್ಕ್ವಾಷ್ ಎಂಬ ರಾಕೆಟ್ ಆಟ ಕಲಿಸುವ ಸಂಸ್ಥೆಯಾದ ಸ್ಕ್ವಾಷ್‌ಬಸ್ಟರ್ಸ್‌ನಲ್ಲಿ ಆಟದ ಜೊತೆಗೇ ಪಾಠವೂ ನಡೆಯುತ್ತದೆ. ಓದು, ಆಟ ಎಂದು ಎರಡು ದೋಣಿ ಅಲ್ಲಿಲ್ಲ.

ಗೆಲುವಷ್ಟೇ ಬೇಕೆನ್ನುವ ಕೋಚ್ ಕೈಗೆ ಸಿಕ್ಕರೆ ಇದೇ ಆಟ ಮಕ್ಕಳನ್ನು ಮುರಿಯುತ್ತದೆ ಎಂಬುದನ್ನೂ ಹೇಳಲೇಬೇಕು. ದುರ್ಬಲರು ಬೆಂಚಿನಲ್ಲೇ ಉಳಿಯುತ್ತಾರೆ, ಆಮೇಲೆ ಬರುವುದನ್ನೇ ಬಿಡುತ್ತಾರೆ.

‘ಮಾರ್ಕ್ಸ್ ಬರದವರನ್ನು ಆಟದಿಂದ ತೆಗೆಯಿರಿ, ತಾನಾಗಿಯೇ ಓದ್ತಾರೆ’ ಎಂಬ ಸಲಹೆಯೂ ಮೊದಲು ಹೇಳಿದ ಪ್ರಶ್ನೆಯ ಬೆನ್ನಿಗೇ ಬರುತ್ತದೆ. ಹಿಂದೊಮ್ಮೆ ನಾನೂ ಹಾಗೆ ಮಾಡಿದ್ದೆ. ಮೂರು ವಿಷಯದಲ್ಲಿ ಫೇಲಾದ ಹುಡುಗನಿಗೆ, ಪಾಸಾಗಿ ಬಾ ಎಂದೆ. ಅವನು ಮೈದಾನಕ್ಕೆ ಮತ್ತೆ ಬರಲಿಲ್ಲ. ಸ್ವಲ್ಪ ದಿನದಲ್ಲೇ ಶಾಲೆಯನ್ನೂ ಬಿಟ್ಟ. ಅವನನ್ನು ಓದಿನ ಹತ್ತಿರ ಹಿಡಿದಿಟ್ಟಿದ್ದ ಒಂದೇ ಎಳೆಯನ್ನು ನಾನೇ ಕತ್ತರಿಸಿದ್ದೆ. ಈಗ ಯಾರಿಗಾದರೂ ಅಂಕ ಕಡಿಮೆ ಬಂದರೆ ಅರ್ಧ ಗಂಟೆ ಮುಂಚೆ ಬರಲು ಹೇಳುತ್ತೇನೆ, ಗಣಿತದ ಪುಸ್ತಕ ಹಿಡಿದುಕೊಂಡು. ಲೆಕ್ಕ ಮುಗಿದ ಮೇಲೆ ಎಲ್ಲರ ಜೊತೆ ಆಟ.