ತಿಂಡಿ ಪೆಟ್ಟಿಗೆ, ಮೂರನೇ ಆವೃತ್ತಿ: ಕಳ್ಳನೂ ನಾನೇ, ಕಾವಲುಗಾರನೂ ನಾನೇ

ರಾತ್ರಿ ತಿಂಡಿ ತಿನ್ನುವ ಚಟ ಬಿಡಿಸಲು ನನಗೆ ನಾನೇ ಕಟ್ಟಿಕೊಂಡ ಬೀಗದ ಪೆಟ್ಟಿಗೆ ಕೊನೆಗೂ ನನ್ನನ್ನು ಸೋಲಿಸಿತು. ನಿನ್ನೆ ರಾತ್ರಿ ಹನ್ನೊಂದೂವರೆಗೆ ಚಿಪ್ಸ್ ಒಳಗೆ, ನಾನು ಹೊರಗೆ. ಸ್ವಲ್ಪ ಹೊತ್ತು ಗುದ್ದಾಡಿ, ಬಾಯಿ ಮುಚ್ಚಿಕೊಂಡು ಮಲಗಿದೆ.

ಒಳಗಿರುವುದು ಆರ್ಡುಯಿನೊ ನ್ಯಾನೊ (ಕೋಡ್ ಓಡಿಸುವ ಪುಟ್ಟ ಬೋರ್ಡು), ಬೀಗ ತಿರುಗಿಸಲು ಒಂದು ಸರ್ವೊ ಮೋಟಾರು, ಒಂದು ಗಡಿಯಾರ ಮಾಡ್ಯೂಲ್. ಬೆಳಗ್ಗೆ ಏಳರವರೆಗೆ ಮುಚ್ಚಳ ತೆರೆಯಬಾರದು, ಅಷ್ಟೇ.

ಮೊದಲ ಆವೃತ್ತಿಯಲ್ಲಿ ಗಡಿಯಾರವೇ ಇರಲಿಲ್ಲ. ವೈರ್ ಕಿತ್ತು ಮತ್ತೆ ಚುಚ್ಚಿದರೆ ಹೊತ್ತಿನ ಲೆಕ್ಕ ಸೊನ್ನೆಯಿಂದ ಶುರು, ಬೀಗ ಬಿದ್ದದ್ದು ಮರೆತು ಮುಚ್ಚಳ ತೆರೆಯುತ್ತಿತ್ತು. ಎರಡೇ ದಿನ ಬಾಳಿತು. ಪೆಟ್ಟಿಗೆ ಪಾರದರ್ಶಕ ಬೇರೆ! 1970ರಲ್ಲೇ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಮಕ್ಕಳ ಮೇಲೆ ಪ್ರಯೋಗ ಮಾಡಿ, ತಿಂಡಿ ಕಣ್ಣಿಗೆ ಬೀಳದಿದ್ದರೆ ಜಾಸ್ತಿ ಹೊತ್ತು ಕಾಯುತ್ತಾರೆ ಅಂತ ತೋರಿಸಿದ್ದರು. ನಾನು ಬಿಸ್ಕತ್ತಿಗೆ ಷೋಕೇಸ್ ಕಟ್ಟಿದ್ದೆ.

ಎರಡನೆಯದಕ್ಕೆ ಮರದ ಪೆಟ್ಟಿಗೆ, ತಾಪಮಾನವನ್ನೂ ಅಳೆಯುವ ಡಿಎಸ್3231 ಗಡಿಯಾರ ಚಿಪ್. ಮಾರುವವನು ಕಳಿಸಿದ್ದು ಅಷ್ಟು ನಿಖರವಲ್ಲದ, ತಾಪಮಾನ ಅಳೆಯದ ಡಿಎಸ್1307. ಬೋರ್ಡು ಚಿಪ್ ಜೊತೆ ಮಾತಾಡಲು ಬಳಸುವ ವಿಳಾಸ (ಐ2ಸಿ) ಎರಡರದ್ದೂ ಒಂದೇ, ಹಾಗಾಗಿ ಕೋಡ್ ತಕರಾರಿಲ್ಲದೆ ಓಡಿತು. ಬೀಗ ಮಾತ್ರ ದಿನದಿನಕ್ಕೆ ಬೇಗ ಬೇಗ ತೆರೆಯತೊಡಗಿತು. ತಾಪಮಾನ ಓದಿಸಿದಾಗ ಅರ್ಥವಿಲ್ಲದ ಅಂಕಿ ಬಂತು, ಆಗ ಗುಟ್ಟು ರಟ್ಟಾಯಿತು. ವಾಪಸ್ ಕೇಳಿದರೆ 'ಎರಡೂ ಟೈಮ್ ತೋರಿಸುತ್ತೆ ಅಲ್ವಾ?' ಅಂದ. ಪುಣ್ಯಾತ್ಮ.

ಸರಿ, ಗಡಿಯಾರ ಬದಲಾಯಿತು. ಆದರೂ ಪರೀಕ್ಷೆ ವಾರದಲ್ಲಿ ಮೂರು ರಾತ್ರಿ ಬೀಗ ತೆರೆದೆ. ಹತ್ತು ನಿಮಿಷ ಪುಸ್ತಕ ಹಿಡಿಯಲಾರದವನು ಒಂದೇ ನಿಮಿಷದಲ್ಲಿ ಒಂದು ಸಾಲು ತಿದ್ದಿ ಹೊಸ ಕೋಡ್ ಹಾಕುತ್ತಿದ್ದೆ. ತಲೆ ಕೆಟ್ಟು, ಮೂರನೆಯದರಲ್ಲಿ ಯುಎಸ್‌ಬಿ ಪೋರ್ಟನ್ನೂ ಬ್ಯಾಟರಿಯನ್ನೂ ಪೆಟ್ಟಿಗೆಯ ಒಳಗೇ ಕೂರಿಸಿದೆ. ಈಗ ಕೋಡ್ ತಿದ್ದಬೇಕಾದರೆ ಮೊದಲು ಮುಚ್ಚಳ ತೆರೆಯಬೇಕು. ಒಮ್ಮೆ ಬೀಗ ಬಿದ್ದಿದ್ದಾಗಲೇ ಬ್ಯಾಟರಿ ಸತ್ತು, ಹಿಂದಿನ ಕೀಲು ಬಿಚ್ಚಬೇಕಾಯಿತು. ಆ ಸ್ಕ್ರೂಗಳ ಮೇಲೆ ಈಗ ಅಂಟು ಸುರಿದಿದ್ದೇನೆ.

ಬೀಗ ಹಾಕುವ ಬಟನ್ನೂ ತೆಗೆದೆ. ರಾತ್ರಿ ಹತ್ತಕ್ಕೆ ಅದನ್ನು ಒತ್ತಲು ಕೈಯೇ ಬರುತ್ತಿರಲಿಲ್ಲ. ಊಟ ಮುಗಿದು ಹೊಟ್ಟೆ ತುಂಬಿದ ಎಂಟಕ್ಕೆ ನಾನು ಸಾಧು. ಈಗ ಎಂಟಕ್ಕೆ ತಾನೇ ಬೀಳುತ್ತದೆ.

ಅಸಲಿ ತಮಾಷೆ ಬೇರೆ. ಮುಚ್ಚಳ ಎಳೆದಾಗಲೆಲ್ಲ ಸಮಯ ಬರೆದಿಡಲು ಒಂದು ಸ್ವಿಚ್ ಹಾಕಿದ್ದೆ, ಬೀಗ ಎಷ್ಟು ಗಟ್ಟಿ ಅಂತ ನೋಡೋಕೆ. ಇವತ್ತು ಎರಡು ವಾರದ ದಾಖಲೆ ತೆಗೆದು ನೋಡಿದೆ. ಲ್ಯಾಬ್ ನೆಪದಲ್ಲಿ ಮಧ್ಯಾಹ್ನದ ಊಟ ಬಿಟ್ಟ ದಿನಗಳಲ್ಲಿ 14 ಸಲ, 11 ಸಲ, 17 ಸಲ ಎಳೆದಿದ್ದೇನೆ. ಊಟ ಮಾಡಿದ ದಿನ ಒಂದೋ ಎರಡೋ. ಮೂರು ತಿಂಗಳು ಬೆಸುಗೆ ಹಾಕಿದ್ದು ತಪ್ಪು ಹೊತ್ತಿನ ಹಸಿವಿಗೆ!

ಹಾಗಾಗಿ ಮುಂದಿನದು ಮಧ್ಯಾಹ್ನದ ಡಬ್ಬಿ. ಕೆಳಗೆ ಲೋಡ್ ಸೆಲ್ (ತೂಕ ಅಳೆಯುವ ಸೆನ್ಸರ್), ಮಧ್ಯಾಹ್ನ ಎರಡು ಗಂಟೆಯಾದರೂ ತೂಕ ಇಳಿಯದಿದ್ದರೆ ಕಿರುಚುತ್ತದೆ. ಸೆಲ್ ಆರ್ಡರ್ ಮಾಡಿದ್ದೇನೆ, ಅದೇ ಪುಣ್ಯಾತ್ಮನ ಹತ್ತಿರ. ಬೇರೆಯವರ ಬಳಿ ಸ್ಟಾಕ್ ಇರಲಿಲ್ಲ.