ಎದೆ ತುಂಬಿ ಬಂದಾಗ ಫಾರಂ ಕೈಗೆ ಸಿಗಬೇಕು

ಮುಂಬಯಿಯ ನಮ್ಮ ಕನ್ನಡ ಸಂಘಗಳು ರಕ್ತದಾನ ಶಿಬಿರ ಮಾಡಿದಾಗ ಭಾಷಣಕ್ಕೇನೂ ಕೊರತೆ ಇರುವುದಿಲ್ಲ. ಕೇಳಿದವರು ರಕ್ತ ಕೊಡಲು ಏಳಬೇಕಾದರೆ, ಅದರ ಬದಲು ಬೇರೊಬ್ಬರು ಮಾಡಿದ ಒಳ್ಳೆಯ ಕೆಲಸವೊಂದನ್ನು ಕಣ್ಣಿಗೆ ಕಟ್ಟುವಂತೆ ಮೂರು ನಿಮಿಷ ಹೇಳಿ ನೋಡಿ.

ಪರೇಲಿನ ಕೆಇಎಂ ಆಸ್ಪತ್ರೆಯ ನರ್ಸ್‌ಗಳನ್ನೇ ತೆಗೆದುಕೊಳ್ಳಿ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಅಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ 1973ರ ನವೆಂಬರ್‌ನಲ್ಲಿ ಹಲ್ಲೆಗೊಳಗಾಗಿ, ಮಿದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದರು. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರನ್ನು ಆ ಆಸ್ಪತ್ರೆಯ ನರ್ಸ್‌ಗಳೇ ನೋಡಿಕೊಂಡರು. ಹಿರಿಯರು ನಿವೃತ್ತರಾದಂತೆ ಹೊಸಬರು ಕೈಹಚ್ಚಿದರು. ಇದನ್ನು ಹೇಳುವಾಗ “ಅವರೆಲ್ಲ ದೇವತೆಗಳು” ಅಂದಿರೋ, ಕೇಳಿದವರು ಕೈಮುಗಿದು ಮನೆಗೆ ಹೋಗುತ್ತಾರೆ. ದೇವತೆಗಳ ಕೆಲಸ ನಮ್ಮಿಂದಾಗದಲ್ಲ! ಬದಲಿಗೆ ಆ ಕೆಲಸವನ್ನೇ ಬಿಡಿಸಿ ಹೇಳಿ: ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆನ್ನು ಒರೆಸಿ ಒಣಗಿಸಬೇಕು, ಮೆತ್ತಗೆ ಕಲಸಿದ್ದನ್ನು ತುತ್ತು ತುತ್ತಾಗಿ ತಿನ್ನಿಸಬೇಕು. ಅಷ್ಟು ವರ್ಷ ಮಲಗಿದ್ದರೂ ಅರುಣಾ ಅವರಿಗೆ ಹಾಸಿಗೆ ಹುಣ್ಣಾಗಿರಲಿಲ್ಲ ಎನ್ನಿ. ಗಂಟಲು ಕಟ್ಟುವುದು ಆಗ.

ಈ ಭಾವಕ್ಕೆ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ ‘ಎಲಿವೇಶನ್’ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ, ಎದೆ ತುಂಬಿ ಬರುವುದು. ಇದು ಕನಿಕರವಲ್ಲ. ಕನಿಕರ ಹುಟ್ಟುವುದು ನೋವು ಕಂಡಾಗ, ಇದು ಒಳ್ಳೆಯತನ ಕಂಡಾಗ. 2010ರಲ್ಲಿ ಸಿಮೋನ್ ಶ್ನಾಲ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಒಳ್ಳೆಯತನ ತೋರುವ ಇಂಥ ವಿಡಿಯೊ ನೋಡಿದವರು ಬೇಸರ ಹಿಡಿಸುವ ಕೆಲಸವೊಂದಕ್ಕೆ ನೆರವಾಗುತ್ತಾ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೊತ್ತು ಕೂತರು. ಹಾಸ್ಯದ ವಿಡಿಯೊ ನೋಡಿ ನಕ್ಕವರು ಹಾಗೆ ಕೂರಲಿಲ್ಲ, ಖುಷಿಯೊಂದೇ ಸಾಲದು.

ನಾವು ಎಡವುವುದು ಇದರ ನಂತರ. ಮಾತು ಮುಗಿದ ಮೇಲೆ ಶಾಲು, ಹಾರ, ಅತಿಥಿಗಳ ಪರಿಚಯ ಶುರುವಾಗುತ್ತದೆ, ಅಷ್ಟರಲ್ಲಿ ಮನಸ್ಸು ಆರಿಹೋಗಿರುತ್ತದೆ. ಸನ್ಮಾನ ಮೊದಲೇ ಮುಗಿಸಿ. ಫಾರಂ, ಪೆನ್ನು, ತೂಕದ ಯಂತ್ರ ಅದೇ ಹಾಲಿನಲ್ಲಿರಲಿ. ಕೇಳುವುದು ಒಂದೇ ಕೆಲಸವಾಗಿರಲಿ. ರಕ್ತ, ದೇಣಿಗೆ, ಸದಸ್ಯತ್ವ ಮೂರನ್ನೂ ಒಟ್ಟಿಗೆ ಕೇಳಿದರೆ ಯಾವುದೂ ಬಾರದು.

ರಕ್ತ ಕೊಡುವವರ ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ (100 ಮಿ.ಲೀ. ರಕ್ತದಲ್ಲಿ) ಕನಿಷ್ಠ 12.5 ಗ್ರಾಂ ಇರಬೇಕು. ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಉತ್ಸಾಹದಿಂದ ಎದ್ದು ಬಂದವರಲ್ಲಿ ಹಲವರು, ಅದರಲ್ಲೂ ಹೆಂಗಸರು, ಹಿಮೋಗ್ಲೋಬಿನ್ ಕಡಿಮೆಯೆಂದು ವಾಪಸಾಗಬೇಕಾಗುತ್ತದೆ. ಅವರನ್ನು ಸುಮ್ಮನೆ ಕಳಿಸಬೇಡಿ. “ಅಕ್ಕಾ, ರಕ್ತ ಕೊಟ್ಟವರ ಜೊತೆ ಹದಿನೈದು ನಿಮಿಷ ಕೂತಿರಿ, ತಲೆ ಸುತ್ತಿದರೆ ಮಲಗಿಸಿ, ಕಾಲಡಿ ದಿಂಬಿಟ್ಟು ಡಾಕ್ಟರನ್ನು ಕೂಗಿ” ಎಂದು ಜ್ಯೂಸ್, ಬಿಸ್ಕತ್ತಿನ ತಟ್ಟೆ ಅವರ ಕೈಗೆ ಕೊಡಿ.